ನಮ್ಮ ದನಿಯನ್ನು ಕಂಪ್ಯೂಟರಿಗೆ ಕಲಿಸೋಣ



ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಸುರುಮಾಡುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ಫೋನಿನ ಎದುರು, ‘ನಾಳೆ ಮಳೆ ಬಂದರೆ ಶಾಲೆಗೆ ರಜೆ ಉಂಟಾ?’ ಎಂದು ಕೇಳಿದಳು. ಮಾತನ್ನು ಅಕ್ಷರ ಮಾಡಿ ತೋರಿಸುವ ಸೌಲಭ್ಯ ಆ ಫೋನಿನಲ್ಲಿತ್ತು. ಪರದೆಯ ಮೇಲೆ ಮೂಡಿದ್ದು ‘ನಾಳೆ ಮನೆ ಬಂದರೆ ಶಾಲೆಗೆ ರಾಜ ಗಂಟ’. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ಆದರೆ ಬೆಲ್ಲು ಹೊಡೆದ ಮೇಲೆ ನನ್ನ ಹತ್ತಿರ ಬಂದು, ‘ಟೀಚರ್, ನನ್ನ ಕನ್ನಡವೇ ಸರಿ ಇಲ್ಲ ಅಂತ ಕಾಣ್ತದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕನ್ನಡ ಶಾಲೆಯಲ್ಲಿ ಮಾತ್ರ ಅಲ್ವಾ?’ ಎಂದು ಮೆಲ್ಲಗೆ ಹೇಳಿದಳು.

ಈ ಮಾತು ನನಗೆ ಚುಚ್ಚಿತು. ಫೋನಿಗೆ ತಿಳಿಯಲಿಲ್ಲ ಎಂದಾದರೆ ತಪ್ಪು ಅವಳ ಕನ್ನಡದ್ದೋ, ಫೋನಿನದ್ದೋ? ‘ನಿನ್ನ ಕನ್ನಡ ಚೆನ್ನಾಗಿಯೇ ಉಂಟು’ ಎಂದು ನಾನು ಹೇಳಿದರೆ ಅದು ಬರೀ ಸಮಾಧಾನದ ಮಾತಾಗುತ್ತದೆ. ವಿಜ್ಞಾನದಲ್ಲಿ ಸಮಾಧಾನಕ್ಕಿಂತ ಪ್ರಯೋಗ ಒಳ್ಳೆಯದು. ಹಾಗಾಗಿ ಮಾತು ಗುರುತಿಸುವ ಒಂದು ಸಣ್ಣ ಸ್ಕ್ರಿಪ್ಟನ್ನು ನಾವೇ ಬರೆದು ನೋಡುವುದೆಂದು ತೀರ್ಮಾನಿಸಿದೆವು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಒಂದರ ಹಿಂದೆ ಒಂದರಂತೆ ಕೊಡುವ ಆದೇಶಗಳ ಪಟ್ಟಿ, ಅಷ್ಟೆ. ನಮ್ಮದು ನಾಲ್ಕೇ ಮಾತುಗಳನ್ನು ಗುರುತಿಸುವ ಸ್ಕ್ರಿಪ್ಟು. ಅದನ್ನು ನೀವೂ ಬರೆಯುವ ಹಾಗೆ ಇಲ್ಲಿ ವಿವರಿಸುತ್ತೇನೆ. ನಮ್ಮ ಪ್ರಶ್ನೆಗೆ ಉತ್ತರವೂ ದಾರಿಯಲ್ಲೇ ಸಿಗುತ್ತದೆ.

ಕಂಪ್ಯೂಟರಿಗೆ ಕೇಳಿಸುವುದು ಏನು?

ನಾವು ಮಾತನಾಡಿದಾಗ ಗಾಳಿಯ ಒತ್ತಡ ಹೆಚ್ಚು ಕಡಿಮೆಯಾಗುತ್ತಾ ಅಲೆಯಾಗಿ ಸಾಗುತ್ತದೆ ಎಂದು ಶಬ್ದದ ಪಾಠದಲ್ಲಿ ಓದಿದ್ದೀರಿ. ಮೈಕಿನೊಳಗಿನ ತೆಳ್ಳಗಿನ ಪೊರೆ ಆ ಅಲೆಗೆ ತಕ್ಕಂತೆ ಕಂಪಿಸಿ, ಕಂಪನ ವಿದ್ಯುತ್ತಾಗಿ ಬದಲಾಗುತ್ತದೆ. ಕಂಪ್ಯೂಟರು ಆ ವಿದ್ಯುತ್ತನ್ನು ಒಂದು ಸೆಕೆಂಡಿಗೆ 16,000 ಸಲ ಅಳೆದು ಬರೆದುಕೊಳ್ಳುವಂತೆ ಮಾಡಬಹುದು. ಪ್ರತಿಯೊಂದು ಅಳತೆಯೂ -32,768 ಮತ್ತು 32,767ರ ನಡುವಿನ ಒಂದು ಪೂರ್ಣಸಂಖ್ಯೆ.

ಅಂದರೆ ನೀವು ಎರಡು ಸೆಕೆಂಡು ಮಾತನಾಡಿದರೆ ಕಂಪ್ಯೂಟರಿನ ಕೈಗೆ ಸಿಗುವುದು 32,000 ಸಂಖ್ಯೆಗಳ ಒಂದು ಉದ್ದ ಸಾಲು. ಅದರಲ್ಲಿ ಅಕ್ಷರವಿಲ್ಲ, ಪದವಿಲ್ಲ, ಅರ್ಥವಂತೂ ಇಲ್ಲವೇ ಇಲ್ಲ. ಈ ಸಂಖ್ಯೆಗಳ ಸಾಲು ಮೊದಲೇ ಕೊಟ್ಟಿರುವ ಯಾವ ಸಾಲಿಗೆ ಹೆಚ್ಚು ಹತ್ತಿರ ಎಂದು ಹುಡುಕುವುದೇ ನಮ್ಮ ಸ್ಕ್ರಿಪ್ಟಿನ ಇಡೀ ಕೆಲಸ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ.

ಬೇಕಾಗುವ ಸಾಮಗ್ರಿ

1. ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್. ಹಳೆಯದಾದರೂ ನಡೆಯುತ್ತದೆ. ಇಂಟರ್‌ನೆಟ್ ಬೇಡ.
2. ಪೈಥಾನ್ ಭಾಷೆ. ಲಿನಕ್ಸ್ ಇರುವ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ವಿಂಡೋಸ್ ಇದ್ದರೆ ಉಚಿತವಾಗಿ ಹಾಕಿಕೊಳ್ಳಬಹುದು.
3. ಅಡಾಸಿಟಿ ಎಂಬ ಧ್ವನಿಮುದ್ರಣದ ತಂತ್ರಾಂಶ. ಇದೂ ಉಚಿತ.
4. ಮೈಕ್ ಇರುವ ಹೆಡ್‌ಫೋನು. ಡೆಸ್ಕ್‌ಟಾಪಿನಲ್ಲಿ ಮೈಕಿನ ತೂತು ಸಾಮಾನ್ಯವಾಗಿ ಗುಲಾಬಿ ಬಣ್ಣದ್ದು. ಫೋನಿನ ಒಂಟಿ ಪಿನ್ನಿನ ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸಿದರೆ ಹಲವು ಸಲ ಮೈಕು ಕೆಲಸ ಮಾಡುವುದಿಲ್ಲ. ಎರಡು ಪಿನ್ನಿನದ್ದನ್ನೋ ಯುಎಸ್‌ಬಿಯದ್ದನ್ನೋ ಬಳಸಿ.

ನಾವು ಆರಿಸಿಕೊಂಡ ಮಾತುಗಳು: ‘ಲೆಕ್ಕ’ ಎಂದರೆ ಕ್ಯಾಲ್ಕುಲೇಟರ್ ತೆರೆಯಬೇಕು. ‘ಚಿತ್ರ’ ಎಂದರೆ ಚಿತ್ರ ಬಿಡಿಸುವ ತಂತ್ರಾಂಶ ತೆರೆಯಬೇಕು. ‘ಗಡಿಯಾರ’ ಎಂದರೆ ಸಮಯ ತೋರಿಸಬೇಕು. ‘ಸಾಕು’ ಎಂದರೆ ಸ್ಕ್ರಿಪ್ಟು ನಿಲ್ಲಬೇಕು.

ಮೊದಲ ಹೆಜ್ಜೆ: ಮಾದರಿಗಳನ್ನು ಮುದ್ರಿಸುವುದು

ಅಡಾಸಿಟಿಯಲ್ಲಿ ಮೊನೊ ಮತ್ತು 16,000 ಹರ್ಟ್ಸ್ ಎಂದು ಆರಿಸಿ. ಪ್ರತಿ ಮಾತನ್ನೂ ಮೂರು ಮೂರು ಸಲ ಬೇರೆ ಬೇರೆಯಾಗಿ ಮುದ್ರಿಸಿ, 16 ಬಿಟ್‌ನ ವೇವ್ ಕಡತವಾಗಿ ಉಳಿಸಿ. ಒಟ್ಟು 12 ಕಡತಗಳಾಗುತ್ತವೆ. ಗುಂಡಿ ಒತ್ತಿದ ಕೂಡಲೇ ಮಾತನಾಡಬೇಡಿ. ಅರ್ಧ ಸೆಕೆಂಡು ಸುಮ್ಮನಿದ್ದು ಆಮೇಲೆ ಹೇಳಿ. ಆ ಮೌನದಿಂದ ನಮಗೆ ಮುಂದೆ ಉಪಯೋಗವಿದೆ. ರೇಡಿಯೋ ವಾರ್ತೆಯವರ ಹಾಗೆ ಓದಲು ಹೋಗಬೇಡಿ. ಗೆಳೆಯರ ಹತ್ತಿರ ಹೇಗೆ ಹೇಳುತ್ತೀರೋ ಹಾಗೆಯೇ ಹೇಳಿ. ಫ್ಯಾನು ಆರಿಸಿ, ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಇಡಿ. ಇಲ್ಲದಿದ್ದರೆ ಉಸಿರಿನ ಗಾಳಿ ಬಡಿದು ‘ಬುಸ್’ ಎಂಬ ಸದ್ದೂ ಮುದ್ರಣವಾಗುತ್ತದೆ.

ವೇವ್ ಕಡತವನ್ನು ತೆರೆದು ಸಂಖ್ಯೆಗಳ ಪಟ್ಟಿ ಮಾಡಿಕೊಳ್ಳಲು ಪೈಥಾನಿನ ಜೊತೆಗೇ ‘ವೇವ್’ ಎಂಬ ಮಾಡ್ಯೂಲ್ ಬರುತ್ತದೆ.

ಎರಡನೇ ಹೆಜ್ಜೆ: ಸಾವಿರಾರು ಸಂಖ್ಯೆಗಳನ್ನು ಕಡಿಮೆ ಮಾಡುವುದು

32,000 ಸಂಖ್ಯೆಗಳನ್ನು ನೇರವಾಗಿ ಹೋಲಿಸಿದರೆ ಪ್ರಯೋಜನವಿಲ್ಲ. ಒಬ್ಬರೇ ಒಂದೇ ಮಾತನ್ನು ಎರಡು ಸಲ ಹೇಳಿದರೂ ಆ ಸಂಖ್ಯೆಗಳು ಹಾಗೆಹಾಗೇ ಬರುವುದಿಲ್ಲ. ಆದ್ದರಿಂದ ಸಾಲನ್ನು ಸಣ್ಣ ಸಣ್ಣ ತುಣುಕು ಮಾಡಿ, ಒಂದೊಂದು ತುಣುಕಿನ ಗುಣವನ್ನು ಅಳೆಯುತ್ತೇವೆ.

ಒಂದು ತುಣುಕಿನ ಉದ್ದ 25 ಮಿಲಿಸೆಕೆಂಡು, ಅಂದರೆ 400 ಅಳತೆಗಳು. ಮುಂದಿನ ತುಣುಕು 10 ಮಿಲಿಸೆಕೆಂಡು, ಅಂದರೆ 160 ಅಳತೆಗಳಷ್ಟು ಮುಂದೆ ಸುರುವಾಗುತ್ತದೆ. ಹೆಂಚು ಹೊದಿಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇಡುತ್ತಾರಲ್ಲ, ಹಾಗೆ. ಎರಡು ಸೆಕೆಂಡಿಗೆ ಸುಮಾರು 200 ತುಣುಕುಗಳಾಗುತ್ತವೆ. ಪ್ರತಿ ತುಣುಕಿನಿಂದ ಎರಡೇ ಎರಡು ಸಂಖ್ಯೆ ತೆಗೆಯೋಣ.

ಮೊದಲನೆಯದು ಗಟ್ಟಿತನ. 400 ಅಳತೆಗಳ ಮೈನಸ್ ಚಿಹ್ನೆ ಬಿಟ್ಟು ಸರಾಸರಿ ತೆಗೆದರೆ ಆಯಿತು.

ಎರಡನೆಯದು ‘ಸೊನ್ನೆ ದಾಟು’. ಅಲೆ ಸೊನ್ನೆಯ ಗೆರೆಯನ್ನು ಎಷ್ಟು ಸಲ ದಾಟಿತು, ಅಂದರೆ ಪಕ್ಕಪಕ್ಕದ ಅಳತೆಗಳಲ್ಲಿ ಚಿಹ್ನೆ ಎಷ್ಟು ಸಲ ಬದಲಾಯಿತು ಎಂದು ಎಣಿಸುವುದು. ಇದರ ಅರ್ಥ ತಿಳಿಯಲು ಕುತ್ತಿಗೆಯ ಮೇಲೆ ಬೆರಳಿಟ್ಟು ‘ಆ...’ ಎನ್ನಿ, ಆಮೇಲೆ ‘ಸ್ಸ್...’ ಎನ್ನಿ. ‘ಆ’ ಎಂದಾಗ ಗಂಟಲು ಕಂಪಿಸುತ್ತದೆ, ಅಲೆ ನಿಧಾನ. ‘ಸ್ಸ್’ ಎಂದಾಗ ಗಂಟಲು ಸುಮ್ಮನಿದ್ದು, ಹಲ್ಲಿನ ಸಂದಿಯಲ್ಲಿ ಗಾಳಿ ಉಜ್ಜಿಕೊಂಡು ಹೋಗುತ್ತದೆ, ಅಲೆ ಬಹಳ ಚುರುಕು. ಲೆಕ್ಕ ಹಾಕಿ ನೋಡಿ: 4,000 ಹರ್ಟ್ಸ್‌ನ ಸದ್ದಿನಲ್ಲಿ 25 ಮಿಲಿಸೆಕೆಂಡಿಗೆ 100 ಅಲೆಗಳು. ಒಂದೊಂದು ಅಲೆಯೂ ಸೊನ್ನೆಯನ್ನು ಎರಡು ಸಲ ದಾಟುತ್ತದೆ. ಒಟ್ಟು 200 ಸಲ. ಹೀಗೆ ‘ಸಾಕು’ ಎಂಬ ಮಾತು ಎಲ್ಲಿ ಸುರುವಾಯಿತು ಎಂಬುದನ್ನು ಈ ಎಣಿಕೆಯೇ ಹೇಳಿಬಿಡುತ್ತದೆ.

ಎರಡು ಸಂಖ್ಯೆಗಳನ್ನೂ 0ರಿಂದ 100ರ ಒಳಗೆ ತಂದುಕೊಳ್ಳಬೇಕು. ಗಟ್ಟಿತನವನ್ನು ಆ ಮಾತಿನಲ್ಲಿರುವ ಅತಿ ಹೆಚ್ಚಿನ ಗಟ್ಟಿತನದಿಂದ ಭಾಗಿಸಿ 100ರಿಂದ ಗುಣಿಸಿ. ಆಗ ಮೆಲ್ಲಗೆ ಹೇಳಿದರೂ ಜೋರಾಗಿ ಹೇಳಿದರೂ ವ್ಯತ್ಯಾಸವಾಗುವುದಿಲ್ಲ. ಸೊನ್ನೆ ದಾಟಿನ ಎಣಿಕೆಯನ್ನು 4ರಿಂದ ಭಾಗಿಸಿದರೆ ಸಾಕು. ಒಂದು ಎಚ್ಚರಿಕೆ: ಯಾರೂ ಮಾತನಾಡದಾಗಲೂ ಮೈಕಿನ ಸಣ್ಣ ಗುಜುಗುಜು ಸೊನ್ನೆಯನ್ನು ಬಹಳ ಸಲ ದಾಟುತ್ತದೆ. ಆದ್ದರಿಂದ ತೀರಾ ಮೆಲ್ಲಗಿರುವ ತುಣುಕುಗಳ ಎಣಿಕೆಯನ್ನು 0 ಎಂದೇ ಇಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಮಾತಿನ ತುದಿಮೊದಲು ಹುಡುಕುವುದು

ಎರಡು ಸೆಕೆಂಡಿನ ಮುದ್ರಣದಲ್ಲಿ ಮಾತು ಇರುವುದು ಅರ್ಧವೋ ಮುಕ್ಕಾಲೋ ಸೆಕೆಂಡು. ಉಳಿದದ್ದು ಮೌನ. ಮಾತು ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಯಬೇಕು. ಮೊದಲ 20 ತುಣುಕುಗಳ ಗಟ್ಟಿತನದ ಸರಾಸರಿ ತೆಗೆಯಿರಿ. ಅದು ಕೋಣೆಯ ಮೌನದ ಅಳತೆ. ಅದರ ಮೂರು ಪಟ್ಟಿಗಿಂತ ಗಟ್ಟಿಯಾದ ತುಣುಕುಗಳು ಸಾಲಾಗಿ ಮೂರು ಬಂದರೆ ಮಾತು ಸುರುವಾಯಿತು ಎಂದು ಹಿಡಿಯಿರಿ. ಮತ್ತೆ ಮೆಲ್ಲಗಾದಾಗ ಮಾತು ಮುಗಿಯಿತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಸಾಲಾಗಿ 10 ತುಣುಕು ಮೌನವಾದರೆ ಮಾತು ಮುಗಿಯಿತು ಎಂದು ಬರೆದಿದ್ದೆ. ‘ಗಡಿಯಾರ’ ಸರಿಯಾಗಿ ಸಿಕ್ಕಿತು. ಆದರೆ ‘ಲೆಕ್ಕ’ ಎಂದು ಎಷ್ಟು ಸಲ ಹೇಳಿದರೂ ಸ್ಕ್ರಿಪ್ಟಿಗೆ ಸಿಕ್ಕಿದ್ದು ‘ಲೆ’ ಮಾತ್ರ! ಮೈಕು ಹಾಳಾಗಿದೆ ಎಂದು ಬದಲಾಯಿಸಿದೆ. ಕೊನೆಗೆ ಅಡಾಸಿಟಿಯಲ್ಲಿ ಅಲೆಯ ಚಿತ್ರ ದೊಡ್ಡದು ಮಾಡಿ ನೋಡಿದಾಗ ಗುಟ್ಟು ಗೊತ್ತಾಯಿತು.

ನೀವೂ ‘ಲೆಕ್ಕ’ ಎಂದು ನಿಧಾನವಾಗಿ ಹೇಳಿ ನೋಡಿ. ‘ಲೆ’ ಆದ ಮೇಲೆ ನಾಲಿಗೆಯ ಹಿಂಭಾಗ ಮೇಲೇರಿ ಗಾಳಿಯ ದಾರಿಯನ್ನು ಮುಚ್ಚಿಬಿಡುತ್ತದೆ. ಆಮೇಲೆ ತಟ್ಟನೆ ಬಿಟ್ಟು ‘ಕ’ ಬರುತ್ತದೆ. ಮುಚ್ಚಿರುವ ಆ ಹೊತ್ತಿನಲ್ಲಿ ಸದ್ದೇ ಇಲ್ಲ! ನಾವು ಒತ್ತಕ್ಷರ ಹಾಕಿ ಬರೆಯುವ ‘ಕ್ಕ’ದ ಹೆಚ್ಚಿನ ಭಾಗ ನಿಜಕ್ಕೂ ಮೌನ. ಆ ಮೌನ ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಇರಬಹುದು. ಹಕ್ಕಿ, ಅತ್ತೆ, ಉಪ್ಪು, ಹತ್ತು, ಹೀಗೆ ಕನ್ನಡದ ಮಾತುಗಳಲ್ಲಿ ಇಂಥ ಮೌನಗಳು ತುಂಬಾ ಇವೆ. ‘ಹತ್ತು’ ಎನ್ನುವಾಗ ಆ ಸಣ್ಣ ಮೌನ ಬಿಟ್ಟರೆ ಅದು ‘ಹತು’ ಆಗಿ ಕನ್ನಡವೇ ಅಲ್ಲದಂತೆ ಕೇಳುತ್ತದೆ. 10 ತುಣುಕಿನ ಜಾಗದಲ್ಲಿ 30 ಎಂದು ತಿದ್ದಿದೆ. ಸ್ಕ್ರಿಪ್ಟಿಗೆ ‘ಲೆಕ್ಕ’ ಪೂರ್ತಿಯಾಗಿ ಸಿಕ್ಕಿತು. ಮಾತಿನಲ್ಲಿ ಸದ್ದು ಎಷ್ಟು ಮುಖ್ಯವೋ ಮೌನವೂ ಅಷ್ಟೇ ಮುಖ್ಯ ಎಂದು ನನಗೆ ಕಲಿಸಿದ್ದು ಈ ತಪ್ಪು.

ನಾಲ್ಕನೇ ಹೆಜ್ಜೆ: ಹೋಲಿಸುವುದು

ಈಗ ಬಂತು ನಿಜವಾದ ಕಷ್ಟ. ಬೆಳಗ್ಗೆ ನೀವು ‘ಲೆಕ್ಕ’ ಎಂದದ್ದು 50 ತುಣುಕು. ಊಟ ಮಾಡಿ ತೂಕಡಿಸುತ್ತಾ ಹೇಳಿದ್ದು 70 ತುಣುಕು. ಉದ್ದವೇ ಬೇರೆಯಾದರೆ ಹೋಲಿಸುವುದು ಹೇಗೆ? ಯಕ್ಷಗಾನದಲ್ಲಿ ಭಾಗವತರು ಒಂದೇ ಪದವನ್ನು ನಿಧಾನವಾಗಿ ಹಾಡಿದರೂ ವೇಗವಾಗಿ ಹಾಡಿದರೂ ನಮ್ಮ ಕಿವಿಗೆ ಅದೇ ಪದ ಎಂದು ಗೊತ್ತಾಗುತ್ತದೆ. ಕಂಪ್ಯೂಟರಿಗೂ ಅದನ್ನು ಕಲಿಸಬೇಕು.

ಸಣ್ಣ ಸಂಖ್ಯೆಗಳಲ್ಲಿ ಮಾಡಿ ನೋಡೋಣ. ಗಟ್ಟಿತನ ಮಾತ್ರ ತೆಗೆದುಕೊಳ್ಳಿ.

ಒಂದನೇ ಮಾದರಿ: 1 5 2
ಎರಡನೇ ಮಾದರಿ: 4 1 4
ಈಗ ಹೇಳಿದ ಮಾತು: 1 1 5 5 2

ಹೇಳಿದ ಮಾತು ಒಂದನೇ ಮಾದರಿಯನ್ನೇ ಎಳೆದು ಹೇಳಿದ ಹಾಗಿದೆ ಎಂದು ಕಣ್ಣಿಗೆ ಕಾಣುತ್ತದೆ. ಆದರೆ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಹೋಲಿಸಿದರೆ 1ಕ್ಕೆ 1 ಸರಿ, 5ಕ್ಕೆ 1 ತಪ್ಪು, 2ಕ್ಕೆ 5 ತಪ್ಪು, ಕೊನೆಯ ಎರಡಕ್ಕೆ ಜೊತೆಯೇ ಇಲ್ಲ.

ಉಪಾಯ ಇದು. ಮಾದರಿಯ ಒಂದು ತುಣುಕಿಗೆ ಮಾತಿನ ಒಂದಕ್ಕಿಂತ ಹೆಚ್ಚು ತುಣುಕುಗಳು ಜೊತೆಯಾಗಬಹುದು. ಆದರೆ ಯಾರೂ ಹಿಂದಕ್ಕೆ ಹೋಗಬಾರದು, ಯಾರನ್ನೂ ಬಿಟ್ಟು ಹಾರಬಾರದು. ಹೀಗೆ ಜೋಡಿಸುವ ಹಲವು ದಾರಿಗಳಲ್ಲಿ ಒಟ್ಟು ವ್ಯತ್ಯಾಸ ಅತಿ ಕಡಿಮೆ ಇರುವ ದಾರಿಯನ್ನು ಹುಡುಕಬೇಕು. ಎಲ್ಲ ದಾರಿಗಳನ್ನೂ ನಡೆದು ನೋಡಬೇಕಾಗಿಲ್ಲ. ಒಂದು ಚೌಕಳಿ ಹಾಕಿದರೆ ಆಯಿತು. ಮಾದರಿಯ ತುಣುಕುಗಳಿಗೆ ಅಡ್ಡಸಾಲುಗಳು, ಮಾತಿನ ತುಣುಕುಗಳಿಗೆ ಕಂಬಸಾಲುಗಳು. ಪ್ರತಿ ಮನೆಯಲ್ಲಿ ಬರೆಯಬೇಕಾದದ್ದು:

ಆ ಮನೆಯ ವ್ಯತ್ಯಾಸ + (ಎಡದ ಮನೆ, ಮೇಲಿನ ಮನೆ, ಎಡ-ಮೇಲಿನ ಓರೆಯ ಮನೆ, ಈ ಮೂರರಲ್ಲಿ ಅತಿ ಕಡಿಮೆಯದ್ದು)

ಎರಡನೇ ಮಾದರಿಗೆ, ಅಂದರೆ 4 1 4ಕ್ಕೆ, ಚೌಕಳಿ ಹೀಗೆ ತುಂಬುತ್ತದೆ:

3   6   7   8   10
3   3   7   11   9
6   6   4   5   7

ಒಂದು ಮನೆಯನ್ನು ಪರೀಕ್ಷಿಸೋಣ. ಎರಡನೇ ಸಾಲಿನ ಮೂರನೇ ಮನೆ. ಅಲ್ಲಿ ಮಾದರಿ 1, ಮಾತು 5, ವ್ಯತ್ಯಾಸ 4. ಎಡದಲ್ಲಿ 3, ಮೇಲೆ 7, ಓರೆಯಲ್ಲಿ 6. ಕಡಿಮೆಯದ್ದು 3. ಆದ್ದರಿಂದ 4 + 3 = 7. ಕೊನೆಯ ಮೂಲೆಯಲ್ಲಿರುವ 7 ಎಂಬುದೇ ಎರಡನೇ ಮಾದರಿಗೂ ಮಾತಿಗೂ ಇರುವ ಅಂತರ. ಒಂದನೇ ಮಾದರಿಯ ಚೌಕಳಿಯನ್ನು ನೀವೇ ನೋಟ್‌ಬುಕ್ಕಿನಲ್ಲಿ ತುಂಬಿ. ಕೊನೆಯ ಮೂಲೆಯಲ್ಲಿ 0 ಬಂದರೆ ನಿಮ್ಮ ಲೆಕ್ಕ ಸರಿ. 0 ಮತ್ತು 7ರಲ್ಲಿ 0 ಕಡಿಮೆ. ಹಾಗಾಗಿ ಹೇಳಿದ್ದು ಒಂದನೇ ಮಾತು!

ನಮ್ಮ ಸ್ಕ್ರಿಪ್ಟಿನಲ್ಲಿ ಪ್ರತಿ ತುಣುಕಿಗೆ ಎರಡು ಸಂಖ್ಯೆಗಳಿರುವುದರಿಂದ, ಗಟ್ಟಿತನದ ವ್ಯತ್ಯಾಸ ಮತ್ತು ಸೊನ್ನೆ ದಾಟಿನ ವ್ಯತ್ಯಾಸ ಎರಡನ್ನೂ ಕೂಡಿಸಿದರೆ ಒಂದು ಮನೆಯ ವ್ಯತ್ಯಾಸ ಸಿಗುತ್ತದೆ. 50 ತುಣುಕಿನ ಮಾದರಿಗೂ 50 ತುಣುಕಿನ ಮಾತಿಗೂ 2,500 ಮನೆಗಳು. ಅಂಥ 12 ಮಾದರಿಗಳಿಗೆ 30,000 ಮನೆಗಳು. ನಾವು ಕೈಯಲ್ಲಿ ಮಾಡಿದರೆ ಇಡೀ ವಾರ ಬೇಕು. ಹಳೆಯ ಕಂಪ್ಯೂಟರಾದರೂ ಇದನ್ನು ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ.

ಈ ಉಪಾಯವನ್ನು ಮಾತು ಗುರುತಿಸಲು ಮೊದಲು ಬಳಸಿದವರು ಉಕ್ರೇನಿನ ತಾರಾಸ್ ವಿಂತ್ಸಿಯುಕ್, 1968ರಲ್ಲಿ. ಜಪಾನಿನ ಸಾಕೋಯೆ ಮತ್ತು ಚಿಬಾ ಎಂಬ ಇಬ್ಬರು 1978ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದು ಜಗತ್ತಿನಲ್ಲೆಲ್ಲ ಬಳಕೆಗೆ ಬಂತು.

ಸ್ಕ್ರಿಪ್ಟಿನ ಹಂದರ

ಹೆಜ್ಜೆಗಳನ್ನು ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ಮೊದಲು ಯೋಚನೆ ನಮ್ಮ ಭಾಷೆಯಲ್ಲಿ ಸ್ಪಷ್ಟವಾದರೆ, ಅದನ್ನು ಪೈಥಾನಿಗೆ ಇಳಿಸುವುದು ಕಷ್ಟವಲ್ಲ.

1. ‘ತುಣುಕು ಮಾಡು’ ಎಂಬ ಫಂಕ್ಷನ್: ಸಂಖ್ಯೆಗಳ ಪಟ್ಟಿ ತೆಗೆದುಕೊಂಡು, ಪ್ರತಿ ತುಣುಕಿನ ಗಟ್ಟಿತನ ಮತ್ತು ಸೊನ್ನೆ ದಾಟಿನ ಪಟ್ಟಿ ಹಿಂದಿರುಗಿಸು.
2. ‘ಮಾತನ್ನು ಕತ್ತರಿಸು’ ಎಂಬ ಫಂಕ್ಷನ್: ಮಾತಿನ ತುದಿಮೊದಲು ಹುಡುಕಿ, ಹೊರಗಿನ ಮೌನ ತೆಗೆದುಹಾಕಿ, ಉಳಿದದ್ದನ್ನು 0ರಿಂದ 100ರ ಅಳತೆಗೆ ತಾ.
3. ‘ಅಂತರ’ ಎಂಬ ಫಂಕ್ಷನ್: ಎರಡು ಪಟ್ಟಿಗಳಿಗೆ ಚೌಕಳಿ ತುಂಬಿಸಿ, ಕೊನೆಯ ಮನೆಯ ಸಂಖ್ಯೆಯನ್ನು ಎರಡೂ ಪಟ್ಟಿಗಳ ಒಟ್ಟು ಉದ್ದದಿಂದ ಭಾಗಿಸಿ ಹಿಂದಿರುಗಿಸು. ಭಾಗಿಸದಿದ್ದರೆ ಉದ್ದ ಮಾತುಗಳಿಗೆ ಅನ್ಯಾಯವಾಗುತ್ತದೆ.
4. 12 ವೇವ್ ಕಡತಗಳನ್ನು ಓದಿ, ಮೇಲಿನ ಎರಡು ಕೆಲಸ ಮಾಡಿಸಿ, ಮಾತಿನ ಹೆಸರಿನೊಂದಿಗೆ ನೆನಪಿಟ್ಟುಕೊ.
5. ಈಗ ಸುತ್ತು ಆರಂಭ: ‘ಹೇಳಿ’ ಎಂದು ತೋರಿಸಿ ಎರಡು ಸೆಕೆಂಡು ಮುದ್ರಿಸು. ಲಿನಕ್ಸಿನಲ್ಲಿ ‘ಎರೆಕಾರ್ಡ್’ ಎಂಬ ಸಣ್ಣ ಉಪಕರಣವನ್ನು ಪೈಥಾನಿನಿಂದಲೇ ಕರೆಯಬಹುದು.
6. ಹೊಸ ಮಾತನ್ನು 12 ಮಾದರಿಗಳೊಂದಿಗೂ ಹೋಲಿಸು. ಅತಿ ಕಡಿಮೆ ಅಂತರದ ಮಾದರಿಯ ಹೆಸರು ತೆಗೆದುಕೊ.
7. ಆ ಅಂತರವೂ ತೀರಾ ಹೆಚ್ಚಿದ್ದರೆ ‘ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ತೋರಿಸು.
8. ಇಲ್ಲವಾದರೆ ಮಾತಿಗೆ ತಕ್ಕ ಕೆಲಸ ಮಾಡು. ‘ಸಾಕು’ ಎಂದಾದರೆ ನಿಲ್ಲು, ಇಲ್ಲವಾದರೆ 5ನೇ ಹೆಜ್ಜೆಗೆ ಹೋಗು.

ಏಳನೇ ಹೆಜ್ಜೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ನೀವು ಕೆಮ್ಮಿದರೂ ಸ್ಕ್ರಿಪ್ಟು ಕ್ಯಾಲ್ಕುಲೇಟರ್ ತೆರೆಯುತ್ತದೆ. ‘ತೀರಾ ಹೆಚ್ಚು’ ಎಂದರೆ ಎಷ್ಟು ಎಂಬುದನ್ನು ನಿಮ್ಮ ಮುದ್ರಣಗಳ ಅಂತರಗಳನ್ನು ನೋಡಿ ನೀವೇ ನಿರ್ಧರಿಸಬೇಕು.

ಲ್ಯಾಬಿನಲ್ಲಿ ಏನಾಯಿತು?

ಮೊದಲು ಮಾದರಿಗಳನ್ನೆಲ್ಲ ನನ್ನ ದನಿಯಲ್ಲೇ ಮುದ್ರಿಸಿದ್ದೆ. ನಾನು ‘ಲೆಕ್ಕ’ ಎಂದರೆ ಕ್ಯಾಲ್ಕುಲೇಟರ್ ತೆರೆಯಿತು, ‘ಚಿತ್ರ’ ಎಂದರೆ ಚಿತ್ರದ ತಂತ್ರಾಂಶ. ಮಕ್ಕಳು ಚಪ್ಪಾಳೆ ಹೊಡೆದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಹೇಳಿದರು. ಕೆಲವರ ಮಾತು ಸರಿಯಾಗಿ ಸಿಕ್ಕಿತು. ಹಲವರಿಗೆ ‘ಗೊತ್ತಾಗಲಿಲ್ಲ’ ಎಂಬ ಉತ್ತರ. ಆ ಹುಡುಗಿ ‘ಸಾಕು’ ಎಂದರೆ ಚಿತ್ರದ ತಂತ್ರಾಂಶ ತೆರೆಯಿತು. ಅವಳು ನನ್ನ ಮುಖ ನೋಡಿದಳು. ನಾನು, ‘ಈಗ ಕೂತ್ಕೊ, ನಾಲ್ಕು ಮಾತನ್ನೂ ನಿನ್ನ ದನಿಯಲ್ಲಿ ಮೂರು ಮೂರು ಸಲ ಮುದ್ರಿಸು’ ಎಂದೆ. ಸ್ಕ್ರಿಪ್ಟಿನ ಒಂದು ಅಕ್ಷರವನ್ನೂ ಬದಲಾಯಿಸಲಿಲ್ಲ. ನನ್ನ 12 ಕಡತಗಳನ್ನು ತೆಗೆದು ಅವಳ 12 ಕಡತಗಳನ್ನು ಇಟ್ಟೆವು. ಅವಳು ‘ಸಾಕು’ ಎಂದಳು. ಸ್ಕ್ರಿಪ್ಟು ನಿಂತಿತು. ಮತ್ತೆ ನಡೆಸಿ ‘ಗಡಿಯಾರ’ ಎಂದಳು. ಸಮಯ ಬಂತು. ಆಮೇಲೆ ನಾನು ಹೇಳಿದೆ. ಈಗ ‘ಗೊತ್ತಾಗಲಿಲ್ಲ’ ಎಂಬ ಉತ್ತರ ನನ್ನ ಪಾಲಿಗೆ!

‘ಟೀಚರ್, ಹಾಗಾದರೆ ಈಗ ನಿಮ್ಮ ಕನ್ನಡ ಸರಿ ಇಲ್ವಾ?’ ಎಂದು ಅವಳೇ ಕೇಳಿದಳು. ಈ ಸಲದ ನಗು ಬೇರೆ ತರದ್ದಾಗಿತ್ತು.

ಹೀಗೆ ಯಾಕೆ ಆಗುತ್ತದೆ? ದೊಡ್ಡ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ ಕಂಪಿಸುತ್ತವೆ. ಹೆಂಗಸರದ್ದು ಸುಮಾರು 200 ಸಲ, ಸಣ್ಣ ಮಕ್ಕಳದ್ದು ಇನ್ನೂ ಹೆಚ್ಚು. ಗಂಟಲಿನಿಂದ ತುಟಿಯವರೆಗಿನ ದಾರಿ ಮಕ್ಕಳಲ್ಲಿ ಗಿಡ್ಡ. ಗಿಡ್ಡ ಕೊಳಲು ಉದ್ದ ಕೊಳಲಿಗಿಂತ ಹೆಚ್ಚಿನ ಸ್ವರ ಕೊಡುವ ಹಾಗೆ ಅವರ ದನಿಯ ಮೈಕಟ್ಟೇ ಬೇರೆ. ಇದರ ಮೇಲೆ ಊರಿನ ಮಾತಿನ ಧಾಟಿ. ಎಳೆಯುವುದು, ನುಂಗುವುದು, ಒತ್ತುವುದು ಊರಿಂದೂರಿಗೆ ಬೇರೆ. ಜತ್ತಿನ ಹುಡುಗ ‘ಹೊಂಟೀನಿ’ ಎನ್ನುತ್ತಾನೆ, ಹೊಸೂರಿನವ ‘ಹೋಗ್ತಾ ಇದೀನಿ’ ಎನ್ನುತ್ತಾನೆ, ನಮ್ಮ ಮಕ್ಕಳು ‘ಹೋಗ್ತಾ ಇದ್ದೇನೆ’ ಎನ್ನುತ್ತಾರೆ. ಮೂರೂ ಕನ್ನಡವೇ. ಯಾವ ದನಿಯ ಮಾದರಿ ಒಳಗಿದೆಯೋ ಆ ದನಿ ಯಂತ್ರಕ್ಕೆ ಗೊತ್ತು. ಒಳಗಿಲ್ಲದ್ದು ಗೊತ್ತಿಲ್ಲ. ಅಲ್ಲಿ ಸರಿ ತಪ್ಪಿನ ಪ್ರಶ್ನೆಯೇ ಇಲ್ಲ, ಹತ್ತಿರ ದೂರದ ಪ್ರಶ್ನೆ ಮಾತ್ರ.

ದೊಡ್ಡ ಯಂತ್ರಗಳ ಕಥೆಯೂ ಇದೇ

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ‘ಆಡ್ರೀ’ ಎಂಬ ಯಂತ್ರ ಮಾಡಿದರು. ಅದು ಅಂಕಿಗಳ ಹೆಸರನ್ನು ಮಾತ್ರ ಗುರುತಿಸುತ್ತಿತ್ತು. ಮಾತನಾಡುವವರ ದನಿಗೆ ಅದನ್ನು ಮೊದಲು ಹೊಂದಿಸಿದರೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಬೇರೆಯವರು ಬಂದರೆ ತಡವರಿಸುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಆದದ್ದೇ! 1962ರಲ್ಲಿ ಐಬಿಎಂನವರು ತೋರಿಸಿದ ‘ಶೂಬಾಕ್ಸ್’ 16 ಮಾತುಗಳನ್ನು ಗುರುತಿಸಿತು. 1976ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಹಾರ್ಪಿ’ ಸಾವಿರಕ್ಕೂ ತುಸು ಹೆಚ್ಚು ಮಾತುಗಳವರೆಗೆ ಬಂತು. ಅಲ್ಲಿ ಈ ಸಂಶೋಧನೆಯನ್ನು ಮುನ್ನಡೆಸಿದವರು ರಾಜ್ ರೆಡ್ಡಿ. ಈಗಿನ ಆಂಧ್ರಪ್ರದೇಶದ ಕಾಟೂರು ಎಂಬ ಹಳ್ಳಿಯಲ್ಲಿ ಒಂದು ರೈತ ಮನೆಯಲ್ಲಿ 1937ರಲ್ಲಿ ಹುಟ್ಟಿದವರು, ತೆಲುಗು ಮನೆಮಾತಿನವರು. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1994ರಲ್ಲಿ ಎಡ್ವರ್ಡ್ ಫೈಗನ್‌ಬಾಮ್ ಅವರೊಂದಿಗೆ ಪಡೆದರು.

ಇಂದಿನ ಫೋನುಗಳು ನಮ್ಮ ಹಾಗೆ 12 ಕಡತಗಳನ್ನು ಒಂದೊಂದಾಗಿ ಹೋಲಿಸುವುದಿಲ್ಲ. ಸಾವಿರಾರು ಗಂಟೆಗಳ ಮಾತನ್ನು ನರಜಾಲ ಎಂಬ ಗಣಿತದ ವ್ಯವಸ್ಥೆಗೆ ಕೇಳಿಸಿ ಕಲಿಸುತ್ತಾರೆ. ತುಣುಕಿಗೆ ಎರಡು ಸಂಖ್ಯೆಯ ಬದಲು ಹತ್ತಾರು ಸಂಖ್ಯೆ ಬಳಸುತ್ತಾರೆ. ಆದರೂ ಮೂಲ ಸಂಗತಿ ಬದಲಾಗಿಲ್ಲ: ಕಲಿಸುವಾಗ ಕೇಳಿಸಿದ ದನಿಗಳಿಗೆ ಹತ್ತಿರವಿದ್ದ ಮಾತು ಚೆನ್ನಾಗಿ ತಿಳಿಯುತ್ತದೆ, ದೂರವಿದ್ದದ್ದು ಎಡವುತ್ತದೆ. ಗಡಿಯಾಚೆಯ ನಮ್ಮ ಕನ್ನಡ ಆ ಸಾವಿರಾರು ಗಂಟೆಗಳಲ್ಲಿ ಕಡಿಮೆಯಿದ್ದರೆ ಫೋನು ತಡವರಿಸುವುದು ಸಹಜ. ಅದಕ್ಕೆ ಮದ್ದು ನಾವು ನಮ್ಮ ಮಾತು ಬಿಟ್ಟು ಬೇರೆಯವರ ಹಾಗೆ ಮಾತನಾಡುವುದಲ್ಲ, ನಮ್ಮ ದನಿಯೂ ಆ ಸಂಗ್ರಹಕ್ಕೆ ಸೇರುವುದು. ಭಾರತ ಸರಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆಯಲ್ಲಿ ‘ಭಾಷಾದಾನ’ ಎಂಬ ವಿಭಾಗವಿದೆ. ಅಲ್ಲಿ ಜನರೇ ತಮ್ಮ ಭಾಷೆಯ ವಾಕ್ಯಗಳನ್ನು ಓದಿ ದನಿ ಕೊಡಬಹುದು. ನೀವು ಕೊಡುವುದಾದರೆ ಮನೆಯವರನ್ನೂ ಅಧ್ಯಾಪಕರನ್ನೂ ಕೇಳಿಯೇ ಕೊಡಿ. ಗೆಳೆಯರ ದನಿಯನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳುಹಿಸಬೇಡಿ. ದನಿಯೂ ಮುಖದ ಹಾಗೆಯೇ ಒಬ್ಬರ ಗುರುತು.

ಮಾಡಿ ನೋಡಿ

1. ನಿಮ್ಮ ಮತ್ತು ಇಬ್ಬರು ಗೆಳೆಯರ ಮಾದರಿಗಳನ್ನು ಒಟ್ಟಿಗೆ ಇಟ್ಟು ಪರೀಕ್ಷಿಸಿ. ಮಾದರಿ ಕೊಡದ ನಾಲ್ಕನೆಯವರ ಮಾತು ಈಗ ಮೊದಲಿಗಿಂತ ಚೆನ್ನಾಗಿ ಗುರುತಾಗುತ್ತದೆಯೇ?
2. ‘ಆರು’, ‘ಏಳು’, ‘ಮೂರು’ ಎಂಬ ಮಾತುಗಳನ್ನು ಸೇರಿಸಿ. ಸ್ಕ್ರಿಪ್ಟು ಗಲಿಬಿಲಿಗೊಳ್ಳುವುದು ಖಂಡಿತ. ಗಟ್ಟಿತನ ಮತ್ತು ಸೊನ್ನೆ ದಾಟು ಎರಡರಿಂದಲೇ ‘ಆ’ ಮತ್ತು ‘ಏ’ಗಳನ್ನು ಚೆನ್ನಾಗಿ ಬೇರ್ಪಡಿಸಲು ಆಗುವುದಿಲ್ಲ. ದನಿಯಲ್ಲಿರುವ ಕಡಿಮೆ, ಮಧ್ಯಮ, ಹೆಚ್ಚಿನ ಆವೃತ್ತಿಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಮುಂದಿನ ಮೆಟ್ಟಿಲು ಅದು.
3. ನಿಮ್ಮ ಊರಿನಲ್ಲಿ ಮಾತ್ರ ಬಳಕೆಯಲ್ಲಿರುವ ನಾಲ್ಕು ಮಾತುಗಳನ್ನು ಆರಿಸಿ ಸ್ಕ್ರಿಪ್ಟಿಗೆ ಕಲಿಸಿ. ಅಜ್ಜಿಯೋ ಅಜ್ಜನೋ ದನಿ ಕೊಟ್ಟರೆ ಇನ್ನೂ ಒಳ್ಳೆಯದು.

ಆ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಮೂರನೇ ಪ್ರಶ್ನೆ ಅವಳದ್ದೇ. ಅವಳ ಸ್ಕ್ರಿಪ್ಟಿನಲ್ಲಿ ಈಗ ಒಂಬತ್ತು ಮಾತುಗಳಿವೆ. ‘ಉಂಟಾ?’ ಎಂಬುದೂ ಅದರಲ್ಲಿ ಒಂದು. ಅವಳು ‘ಉಂಟಾ?’ ಎಂದು ಕೇಳಿದರೆ ಕಂಪ್ಯೂಟರಿನ ಪರದೆಯ ಮೇಲೆ ‘ಉಂಟು’ ಎಂದು ಬರುತ್ತದೆ.